ಚಕ್ರ ತಿರುಗದ ಅರ್ಧ ಗಂಟೆ

ಅಹಮದಾಬಾದಿನ ಹೋಟೆಲು ಭಟ್ಟರ ಕಾಗದ ಹೋದ ವಾರ ಬಂತು. ಭಟ್ಟರು ಕಾಗದ ಬರೆಯುವ ಪೈಕಿ ಅಲ್ಲ. ಲಕೋಟೆಯ ಮೇಲೆ ಅವರ ಅಕ್ಷರ ಕಂಡ ಕೂಡಲೇ ಯಾರೋ ಹೋದರು ಎಂದುಕೊಂಡೆ. "ನಮ್ಮ ಡ್ರಮ್ಮಿನ ಮಾಸ್ಟ್ರು ತೀರಿಕೊಂಡರು. ನರಳಲಿಲ್ಲ. ಬೆಳಿಗ್ಗೆ ಬಂದು ಇಡ್ಲಿ ತಿಂದು ಹೋಗಿದ್ದರು. ನಿಮಗೆ ತಿಳಿಸಬೇಕು ಅಂತ ಸುಬ್ರಾಯ ಹೇಳಿದ, ಅದಕ್ಕೆ ಬರೆದೆ." ಅಷ್ಟೇ ಇತ್ತು. ಸೂರತ್ತಿನ ನನ್ನ ಕೋಣೆಯಲ್ಲಿ ಆ ಮೂರು ಸಾಲನ್ನು ಎಷ್ಟು ಸಲ ಓದಿದೆನೋ. ಓದಿದಷ್ಟೂ ನನ್ನ ಮೇಲೆ ನನಗೇ ಸಿಟ್ಟು ಬಂತು. ಆ ಮನುಷ್ಯನಿಗೆ ನಾನು ಒಂದು ಮಾತು ಹೇಳುವುದು ಬಾಕಿ ಇತ್ತು. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು ಮುಂದೂಡುತ್ತಲೇ ಬಂದೆ. ಈಗ ಅವರು ಇಡ್ಲಿ ತಿಂದು ಹೊರಟೇ ಹೋದರು.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನಲವತ್ತು ವರ್ಷ ಅವರ ಹೆಸರನ್ನು ಯಾರೂ ಎಲ್ಲೂ ಬರೆಯಲಿಲ್ಲ. ಕೊನೆಗೆ ಒಂದೇ ಒಂದು ಕಡೆ ಅಚ್ಚಾಯಿತು. ಅದು ಅಲ್ಲೇ ಇದ್ದರೆ ಚೆಂದ.

ನಾನು ಕುಂದಾಪುರದ ಕಡೆಯವನು. ವಿಮೆ ಕಚೇರಿಯ ಗುಮಾಸ್ತನಾಗಿ ಅಹಮದಾಬಾದಿಗೆ ಬಂದಾಗ ನನಗೆ ಇಪ್ಪತ್ತಾರು ವರ್ಷ. ಗುಜರಾತಿ ಬಾರದು, ಸಿಹಿ ಬೇಳೆ ಗಂಟಲಲ್ಲಿ ಇಳಿಯದು. ಹಾಗಾಗಿ ಕಾಲೂಪುರದ ಭಟ್ಟರ ಹೋಟೆಲೇ ನನ್ನ ಅಡುಗೆಮನೆಯಾಯಿತು. ಅಲ್ಲಿ ಮೂಲೆಯ ಮೇಜಿನಲ್ಲಿ ಕೂತು, ಮಾತೇ ಆಡದೆ, ಬೆರಳಿನ ಗಂಟಿನಿಂದ ಮೇಜು ಬಡಿದು ತಿಂಡಿ ತರಿಸಿಕೊಳ್ಳುವ ಒಬ್ಬ ಉದ್ದನೆಯ ಮುದುಕರನ್ನು ಕಂಡೆ. ಒಂದು ಬಗೆಯ ಬಡಿತಕ್ಕೆ ಇಡ್ಲಿ ಬರುತ್ತಿತ್ತು, ಇನ್ನೊಂದಕ್ಕೆ ಕಾಫಿ. ಕಾಫಿಯಲ್ಲಿ ಸಕ್ಕರೆ ಕಡಿಮೆ ಎನ್ನುವುದಕ್ಕೂ ಒಂದು ಬಡಿತವಿತ್ತು. ಅಡುಗೆಯ ಸುಬ್ರಾಯ ಒಳಗಿನಿಂದಲೇ ಅದನ್ನು ಕೇಳಿ "ಬಂತು, ಬಂತು" ಎನ್ನುತ್ತಿದ್ದ. ಸುಬ್ರಾಯನೂ ನಮ್ಮ ಕಡೆಯವನೇ. ಊರಿಗೆ ಹೋದಾಗ ಯಕ್ಷಗಾನ ಮೇಳಗಳಲ್ಲಿ ಚೆಂಡೆ ಬಾರಿಸಿ ಬರುವವನು.

ಮುದುಕರು ಮೈಸೂರಿನವರು. ಅಪ್ಪ ಬ್ಯಾಂಡು ಬಾರಿಸುತ್ತಿದ್ದರಂತೆ. ಮಗ ಅದನ್ನೇ ಹಿಡಿದು ಮೊದಲು ಸರ್ಕಸ್ಸಿಗೆ, ಅಲ್ಲಿಂದ ಬೊಂಬಾಯಿಯ ದೊಡ್ಡ ಹೋಟೆಲುಗಳ ಜಾಝ್ ಬ್ಯಾಂಡುಗಳಿಗೆ ಸೇರಿದರು. ಪಾನನಿಷೇಧ ಬಂದು ಕುಣಿಯುವವರು ಕಡಿಮೆಯಾದ ಮೇಲೆ ಅಹಮದಾಬಾದಿಗೆ ಬಂದು ಒಂದು ಮದುವೆ ಬ್ಯಾಂಡಿನಲ್ಲಿ ಡ್ರಮ್ಮು ಕಟ್ಟಿಕೊಂಡರು. "ಕುಡಿಯೋರನ್ನ ಬಿಟ್ಟು ಕುಡಿಯದೇ ಇರೋರ ಊರಿಗೆ ಬಂದೆ ಕಣಯ್ಯಾ. ಇಲ್ಲಿ ಗಂಡಿನ ಕುದುರೆ ಒಂದೇ ನೆಟ್ಟಗೆ ತಾಳ ಕೇಳೋದು" ಎನ್ನುತ್ತಿದ್ದರು. ಅದೇ ಊರಿನ ದಿಲ್ಲಿ ದರವಾಜಾದ ಹತ್ತಿರ ಬ್ಯಾಂಡಿನ ಅಂಗಡಿಯ ಹಿಂದಿನ ಕೋಣೆಯಲ್ಲೇ ವಾಸ. ಡ್ರಮ್ಮಿನ ಕೋಲುಗಳನ್ನು ಒಂದು ಹಳೆಯ ಕೊಡೆಯ ಚೀಲದಲ್ಲಿ ಹಾಕಿಕೊಂಡು ಓಡಾಡುತ್ತಿದ್ದರು. ಮಳೆ ಬಂದರೆ ನೆನೆಯುತ್ತಿದ್ದರು, ಏಕೆಂದರೆ ಚೀಲದಲ್ಲಿ ಕೊಡೆ ಇರುತ್ತಿರಲಿಲ್ಲ.

ಅವರ ಜೊತೆ ರಸ್ತೆಯಲ್ಲಿ ನಡೆಯುವುದು ಒಂದು ಕಿರಿಕಿರಿ. ನಾಲ್ಕು ಹೆಜ್ಜೆ ಜೊತೆಯಾಗಿ ಬಿದ್ದರೆ ಸಾಕು, ಬೇಕೆಂದೇ ಅರ್ಧ ಹೆಜ್ಜೆ ತಡೆದು ತಪ್ಪಿಸಿಬಿಡುತ್ತಿದ್ದರು. ಕಾಲು ನೋವೇ ಎಂದು ಒಂದು ದಿನ ಕೇಳಿದೆ.

"ನೋವಲ್ಲಯ್ಯಾ, ಬೇಜಾರು. ನಲವತ್ತು ವರ್ಷದಿಂದ ಬೇರೆಯೋರ ಕಾಲಿಗೆ ಬಾರಿಸಿದೀನಿ. ದೊರೆಗಳ ಬೂಟಿಗೆ, ಸರ್ಕಸ್ ಆನೆಗೆ, ಇಲ್ಲಿ ಮದುಮಗನ ಕುದುರೆಗೆ. ನನ್ನ ಕಾಲಾದ್ರೂ ನನ್ನಷ್ಟಕ್ಕೆ ನಡೀಲಿ ಬಿಡು."

ಇನ್ನೊಂದು ಮಾತನ್ನೂ ಅವರು ಆಗಾಗ ಹೇಳುತ್ತಿದ್ದರು. "ಕಾಲು ತಪ್ಪಿದ್ರೆ ಕುಣಿಯೋನ ತಪ್ಪು. ತಾಳ ತಪ್ಪಿದ್ರೆ ಡ್ರಮ್ಮಿನೋನ ತಪ್ಪು. ಎರಡೂ ಸರಿ ಬಂದ್ರೆ ಹಾಡಿದೋನಿಗೆ ಚಪ್ಪಾಳೆ." ಅವರು ಬಾರಿಸಿದ ರೆಕಾರ್ಡುಗಳು ಎಷ್ಟೋ ಇದ್ದವಂತೆ. ಒಂದರ ಮೇಲೂ ಅವರ ಹೆಸರಿಲ್ಲ.

ಅವರಿಗೆ ಸಿಟ್ಟು ಬಂದದ್ದನ್ನು ನಾನು ಕಂಡಿಲ್ಲ. ಒಮ್ಮೆ ವಿಮೆಯ ಕೆಲಸಕ್ಕೆಂದು ಸೂರತ್ತಿಗೆ ಬಂದಿದ್ದಾಗ ತಾಪಿ ನದಿಯ ಕಡೆಯ ಬೀದಿಯಲ್ಲಿ ಅವರ ಬ್ಯಾಂಡೇ ಒಂದು ಮದುವೆ ಮೆರವಣಿಗೆಯ ಮುಂದೆ ಬರುತ್ತಿತ್ತು. ತುತ್ತೂರಿಯವನು ಹೊಸಬ. ಹಾಡಿನ ನಡುವೆ ದಾರಿ ತಪ್ಪಿ, ಕಣ್ಣುಕಣ್ಣು ಬಿಡುತ್ತ ನಿಂತೇಬಿಟ್ಟ. ಬ್ಯಾಂಡಿನ ಯಜಮಾನ ಹಲ್ಲು ಕಡಿದ. ಮಾಸ್ಟರು ಮಾತ್ರ ಅವನ ಮುಖವನ್ನೂ ನೋಡದೆ, ಡ್ರಮ್ಮಿನ ಅಂಚಿನ ಮೇಲೆ ಕೋಲಿನಿಂದ ಎರಡು ಸಲ ಬಡಿದರು. ಟಕ್, ಟಕ್. ಅವನು ಉಸಿರೆಳೆದುಕೊಂಡು ಮುಂದಿನ ಸಾಲು ಹಿಡಿದ. ಆಮೇಲೆ ಅದೇನೆಂದು ಕೇಳಿದೆ. "ಅದಾ? ಆದದ್ದು ಆಯ್ತು, ಮುಂದೆ ಹೋಗು ಅಂತ" ಎಂದರು. ಅಲ್ಲಿಂದ ಮೇಲೆ ನೋಡುತ್ತ ಬಂದೆ. ಭಟ್ಟರ ಮಾಣಿ ಸಾಂಬಾರು ಚೆಲ್ಲಿದರೂ ಮೇಜಿನ ಅಂಚಿಗೆ ಟಕ್, ಟಕ್. ನಾನು ಕೇರಂ ಆಟದಲ್ಲಿ ಸುಲಭದ ಕಾಯಿ ತಪ್ಪಿಸಿದರೂ ಟಕ್, ಟಕ್.

ಒಂದು ಚಳಿಗಾಲ ಅವರ ಬಲಗೈಯ ಎರಡು ಬೆರಳು ಮರಗಟ್ಟತೊಡಗಿದವು. ಕೋಲು ಜಾರದ ಹಾಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡು ಬಾರಿಸುತ್ತಿದ್ದರು. ಇನ್ನೊಂದು ಮದುವೆ ಕಾಲ ಕಾಣುವುದು ಕಷ್ಟ ಎಂದು ಡಾಕ್ಟರು ಹೇಳಿದರಂತೆ. ಅದೇ ಹೊತ್ತಿಗೆ ಬೊಂಬಾಯಿಯಿಂದ ಅವರ ಹಳೆಯ ಜೊತೆಗಾರನ ಕಾಗದ ಬಂತು. ಸ್ಯಾಕ್ಸೊಫೋನು ಊದುವ ಆತ ಮಗಳ ಮನೆಗೆಂದು ಲಂಡನ್ನಿಗೆ ಹೊರಟಿದ್ದ, ವಾಪಸು ಬರುವುದಿಲ್ಲ. ಹೋಗುವ ಮೊದಲು ಇಬ್ಬರೂ ಸೇರಿ ಒಂದು ಸಲ ಬಾರಿಸೋಣ, ಟೇಪು ಮಾಡಿದರೆ ಅಲ್ಲಿ ಪರಿಚಯದವರಿಂದ ನೂರು ಗ್ರಾಮಫೋನ್ ಪ್ಲೇಟು ಮಾಡಿಸುತ್ತೇನೆ ಎಂದು ಬರೆದಿದ್ದ.

ಮಾಸ್ಟರು ಕಾಗದವನ್ನು ನನಗೆ ಓದಲು ಕೊಟ್ಟು, ನಾನು ಓದುವುದನ್ನೇ ನೋಡುತ್ತ ಕೂತರು. "ಈಗ ಹೊಸದೊಂದು ಬಂದಿದೆ. ಫ್ರೀ ಜಾಝ್ ಅಂತಾರೆ. ಹಾಡು ಇಲ್ಲ, ಲೆಕ್ಕ ಇಲ್ಲ. ಒಬ್ಬ ಹೇಳಿದ್ದನ್ನ ಇನ್ನೊಬ್ಬ ಕೇಳ್ಕೊಂಡು ಅಲ್ಲಲ್ಲೇ ಹುಟ್ಟಿಸ್ತಾ ಹೋಗೋದು. ಯಾರ ಕಾಲಿಗೂ ಅಲ್ಲದ ಹಾಗೆ ನಾನು ಒಂದೇ ಒಂದು ಸಲ ಬಾರಿಸ್ಬೇಕು ಕಣಯ್ಯಾ. ಕೈ ಇರೋವಾಗ."

ಸ್ಟುಡಿಯೋ ಬೇಡವೇ ಎಂದೆ. "ಗೋಡೆಗೆ ಬಾರಿಸೋಕಾಗಲ್ಲ. ಜನ ಬೇಕು. ಕೆಮ್ಮಲಿ, ಎದ್ದು ಹೋಗಲಿ, ಆದ್ರೆ ಇರ್ಬೇಕು."

ಭಟ್ಟರು ಹೋಟೆಲಿನ ಮೇಲಿನ ಊಟದ ಹಾಲನ್ನು ಒಂದು ಭಾನುವಾರ ಮಧ್ಯಾಹ್ನಕ್ಕೆ ಬಿಟ್ಟುಕೊಟ್ಟರು. ಜನರಿಗೂ ಅವರೇ ಹೇಳಿಕಳಿಸಿದರು: ಊರಿನ ಕಡೆಯ ಹೋಟೆಲಿನವರು, ಬ್ಯಾಂಕು ರೈಲ್ವೆಯ ನಮ್ಮ ಸಂಸಾರಗಳು, ನೆರೆಯ ನಾಲ್ಕು ಗುಜರಾತಿಗಳು. ಬೊಂಬಾಯಿಯಿಂದ ಸ್ಯಾಕ್ಸಿನವರು ಬಂದರು, ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ಟು ಊದುವ ಚಾಚಾ ಮೂರನೆಯವರಾಗಿ ಸೇರಿದರು. ಎರಡು ದೊಡ್ಡ ಚಕ್ರಗಳ ಮೇಲೆ ಟೇಪು ಸುತ್ತುವ ರೆಕಾರ್ಡರನ್ನು ಧ್ವನಿವರ್ಧಕದ ಅಂಗಡಿಯಿಂದ ತಂದೆವು. ಅದನ್ನು ನಡೆಸುವ ಕೆಲಸ ನನ್ನ ಪಾಲಿಗೆ ಬಂತು. ಅಂಚೆಯ ಮೂಲಕ ರೇಡಿಯೋ ರಿಪೇರಿ ಕಲಿತವನು ನಾನು, ಆ ಸುದ್ದಿಯನ್ನು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದವನೂ ನಾನೇ.

"ಟೇಪು ಇರೋದು ಒಂದೇ, ಒಂದು ಗಂಟೆಯದು. ಸುಮ್ನೆ ಓಡಿಸಿ ಹಾಳು ಮಾಡ್ಬೇಡ. ಶುರುವಾದಾಗ ಒತ್ತು" ಎಂದರು ಮಾಸ್ಟರು. ಶುರು ಯಾವುದು ಎಂದು ನಾನು ಕೇಳಲಿಲ್ಲ. ಶುರುವಾದದ್ದು ಯಾರಿಗಾದರೂ ತಿಳಿಯದೆ ಇರುತ್ತದೆಯೇ?

ನಮ್ಮ ಕರಾವಳಿಯವರಿಗೆ ಒಂದು ಅಭ್ಯಾಸವಿದೆ, ಅದನ್ನು ಇಲ್ಲಿ ಹೇಳದೆ ಮುಂದೆ ಹೋಗುವಂತಿಲ್ಲ. ಯಕ್ಷಗಾನದ ಆಟ ಶುರುವಾಗುವುದಕ್ಕೆ ಬಹಳ ಮೊದಲೇ ಚೆಂಡೆ ಮದ್ದಳೆಯವರು ಬಾರಿಸತೊಡಗುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ಅಬ್ಬರ ಎನ್ನುತ್ತಿದ್ದೆವು. ಇವತ್ತು ಇಲ್ಲಿ ಆಟವಿದೆ ಎಂದು ಸುತ್ತಲಿನ ಊರಿಗೆ ತಿಳಿಸುವುದಕ್ಕಷ್ಟೇ ಅದು. ಅಬ್ಬರವನ್ನು ಯಾರೂ ಕೂತು ಕೇಳುವುದಿಲ್ಲ. ಅದು ನಡೆಯುವಾಗ ಚಾಪೆ ಹಾಸುತ್ತಾರೆ, ಕಡಲೆ ಕೊಳ್ಳುತ್ತಾರೆ, ನೆಂಟರ ಕ್ಷೇಮ ವಿಚಾರಿಸುತ್ತಾರೆ. ವೇಷ ರಂಗಕ್ಕೆ ಬಂದ ಮೇಲೆ ಬಾಯಿ ಮುಚ್ಚಿದರೆ ಸಾಕು.

ಆ ಮಧ್ಯಾಹ್ನ ಜನ ಇನ್ನೂ ಮೆಟ್ಟಿಲು ಹತ್ತುತ್ತಿದ್ದರು. ಯಾರೂ ಸ್ವಾಗತ ಹೇಳಲಿಲ್ಲ, ಹೂಮಾಲೆ ಇಲ್ಲ, ನಮಸ್ಕಾರವೂ ಇಲ್ಲ. ಮಾಸ್ಟರು ಸ್ಟೂಲಿನ ಮೇಲೆ ಕೂತರು, ಬಲಗೈಗೆ ಪಟ್ಟಿ ಸುತ್ತಿಕೊಂಡರು, ಬಾರಿಸತೊಡಗಿದರು. ಸ್ವಲ್ಪ ಹೊತ್ತಿಗೆ ಸ್ಯಾಕ್ಸಿನವರು ಒಂದು ಕಡೆಯಿಂದ ಕೂಗಿದರು, ಚಾಚಾ ಇನ್ನೊಂದು ಕಡೆಯಿಂದ ಅತ್ತ ಹಾಗೆ ಊದಿದರು. ಹಾಡಿನ ತಲೆಬುಡ ಏನೂ ಸಿಕ್ಕಲಿಲ್ಲ. ಸರಿ, ಅಬ್ಬರ, ಎಂದುಕೊಂಡೆ. ಹಾಲಿನಲ್ಲಿ ಕೂತ ಅಷ್ಟೂ ಮಂದಿ ಹಾಗೆಯೇ ಅಂದುಕೊಂಡಿರಬೇಕು. ಹೆಂಗಸರು ಮಗ್ಗಲಿನವರ ಸೀರೆ ಮುಟ್ಟಿ ನೋಡಿದರು. ಭಟ್ಟರು ಬಂದವರಿಗೆಲ್ಲ ಕಾಫಿ ಕೊಡಿಸಿದರು. ನನ್ನ ಬೆರಳು ಗುಂಡಿಯ ಮೇಲೆ ಸಿದ್ಧವಾಗಿತ್ತು. ಟೇಪು ಹಾಳು ಮಾಡಬಾರದಲ್ಲ? ಸ್ವಲ್ಪ ಹೊತ್ತಾದ ಮೇಲೆ ಬೆರಳು ನೋಯಿತು. ಕೈ ತೆಗೆದು ನಾನೂ ಒಂದು ಲೋಟ ಕಾಫಿ ತೆಗೆದುಕೊಂಡೆ.

ಮಾಸ್ಟರು ಎರಡು ಮೂರು ಸಲ ತಲೆಯೆತ್ತಿ ನನ್ನ ಕಡೆ ನೋಡಿದರು. ಪಾಪ, ಬಾಯಾರಿರಬೇಕು ಎಂದುಕೊಂಡು ನಾನು ಲೋಟವನ್ನು ಮೇಲೆತ್ತಿ, ನಿಮಗೂ ಇದೆ ಎಂದು ಸನ್ನೆ ಮಾಡಿದೆ. ಅವರು ತಲೆ ತಗ್ಗಿಸಿ ಬಾರಿಸುತ್ತ ಹೋದರು.

ಅರ್ಧ ಗಂಟೆಯಾಗಿರಬೇಕು. ಅಡುಗೆಮನೆಯಿಂದ ಸುಬ್ರಾಯ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತ. ಒಂದೆರಡು ನಿಮಿಷ ಅಲ್ಲಾಡದೆ ಕೇಳಿದವನು, ಜನರನ್ನು ದಾಟಿಕೊಂಡು ನೇರ ನನ್ನ ಹತ್ತಿರ ಬಂದ.

"ಹ್ವಾಯ್, ಎಂತ ಇದು? ಚಕ್ರ ತಿರ್ಗುದಿಲ್ಲ ಅಲ್ದಾ?"

"ಅಬ್ಬರ ಮುಗಿಲಿ ಮಾರಾಯ. ಆಮೇಲೆ ಒತ್ತುದು."

"ಅಬ್ಬರವಾ?" ಸುಬ್ರಾಯನ ಮುಖ ಕೆಂಪಾಯಿತು. "ನಿಮ್ಗೆ ಕಣ್ಣ್ ಇಲ್ಯಾ? ಆ ಮನ್ಷ ಬೆವರಿದ್ ಕಾಣಿ. ಅಬ್ಬರಕ್ಕೆ ಯಾರಾದ್ರೂ ಹಾಂಗ್ ಬೆವರ್ತ್ರಾ? ಯುದ್ಧ ಸುರುವಾಯಿ ಅರ್ಧ ಗಂಟೆ ಆಯ್ತ್!"

ನಾನು ನೋಡಿದೆ. ಮಾಸ್ಟರ ಅಂಗಿ ಬೆನ್ನಿಗೆ ಅಂಟಿತ್ತು. ಬಲಗೈಯ ಪಟ್ಟಿ ಬಿಚ್ಚಿ ನೇತಾಡುತ್ತಿತ್ತು. ಮೂವರೂ ಒಬ್ಬರನ್ನೊಬ್ಬರು ಬಿಟ್ಟು ಇನ್ನೇನನ್ನೂ ನೋಡುತ್ತಿರಲಿಲ್ಲ.  ಗುಂಡಿ ಒತ್ತಿದೆ. ಚಕ್ರ ತಿರುಗಿತು. ಅಲ್ಲಿಂದ ಮುಂದೆ ಇಪ್ಪತ್ತು ನಿಮಿಷ ಅವರು ಬಾರಿಸಿದ್ದು ಹೇಗಿತ್ತೆಂದು ಬರೆಯಲು ನನಗೆ ಬರುವುದಿಲ್ಲ. ಮಾತಾಡುತ್ತಿದ್ದವರು ಒಬ್ಬೊಬ್ಬರೇ ಸುಮ್ಮನಾದರು. ಸಣ್ಣ ಮಕ್ಕಳು ಕೂಡ ಬಾಯಿ ಬಿಟ್ಟುಕೊಂಡು ಕೂತವು. ಕೊನೆಗೆ ಮಾಸ್ಟರು ಡ್ರಮ್ಮಿನ ಜೊತೆಯ ಕಂಚಿನ ತಟ್ಟೆಯೊಂದನ್ನು ಬೆರಳಿನಿಂದ ಹಿಡಿದು ಅದರ ಸದ್ದನ್ನು ನಿಲ್ಲಿಸಿದರು. ಮುಗಿಯಿತು. ಮೊದಲು ಚಪ್ಪಾಳೆ ತಟ್ಟಿದವನು ಸುಬ್ರಾಯ. ಭಟ್ಟರು ನನ್ನ ಕಿವಿಯ ಹತ್ತಿರ ಬಗ್ಗಿ "ಇನ್ನು ಕಾರ್ಯಕ್ರಮ ಸುರುವಾ?" ಎಂದರು.

ನಾನು ಮೈಕಿನ ತಂತಿ ಬಿಚ್ಚಲು ವೇದಿಕೆಗೆ ಹೋದೆ. ಮಾಸ್ಟರು ಸ್ಟೂಲಿನಿಂದ ಎದ್ದಿರಲಿಲ್ಲ.

"ಬಂತೇನಯ್ಯಾ?"

ಸ್ಯಾಕ್ಸಿನವರು ಪಕ್ಕದಲ್ಲೇ ನಿಂತು ಮುಖ ಒರೆಸಿಕೊಳ್ಳುತ್ತಿದ್ದರು. ಚಾಚಾ ನಗುತ್ತಿದ್ದರು. "ಎಲ್ಲಾ ಬಂತು ಮಾಸ್ಟ್ರೆ" ಎಂದೆ, ತಂತಿಯನ್ನೇ ನೋಡುತ್ತ. ಸಂಜೆಯ ಗಾಡಿಗೆ ಸ್ಯಾಕ್ಸಿನವರು ಟೇಪನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಬೊಂಬಾಯಿಗೆ ಹೊರಟುಹೋದರು. ಮುಂದಿನ ವಾರ ಅವರ ಹಡಗು. ಇನ್ನೊಮ್ಮೆ ಬಾರಿಸಿ ಎಂದು ಯಾರಿಗೆ ಹೇಳುವುದು?

ಆಮೇಲೆ ನಾನು ಭಟ್ಟರ ಹೋಟೆಲಿಗೆ ಹೋಗುವುದನ್ನೇ ಬಿಟ್ಟೆ. ಯಾವುದೋ ಲಾಡ್ಜಿನಲ್ಲಿ ಕೂತು ಆ ಸಿಹಿ ಬೇಳೆಯನ್ನು ಪ್ರಾಯಶ್ಚಿತ್ತದ ಹಾಗೆ ಕುಡಿದೆ. ಎರಡು ತಿಂಗಳಿಗೆ ಸೂರತ್ತಿಗೆ ವರ್ಗವಾದಾಗ ದೇವರು ದೊಡ್ಡವನು ಎಂದುಕೊಂಡೆ. ಮಾಸ್ಟರಿಗೆ ಹೇಳಿ ಹೋಗುವ ಧೈರ್ಯವೂ ಬರಲಿಲ್ಲ. ಕಳ್ಳನ ಮನಸ್ಸು ಹುಳ್ಳಗೆ ಎಂಬ ಗಾದೆ ನನಗೆ ಪೂರ್ತಿ ಅರ್ಥವಾದದ್ದು ಆಗಲೇ.

ಮುಂದಿನ ವರ್ಷ ಸೂರತ್ತಿನ ವಿಳಾಸಕ್ಕೆ ಮಾಸ್ಟರಿಂದ ಒಂದು ಚಪ್ಪಟೆ ಪೊಟ್ಟಣ ಬಂತು. ಒಳಗೆ ಪ್ಲೇಟು. ಅದರ ರಟ್ಟಿನ ಹೊದಿಕೆಯಲ್ಲಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಮಾಸ್ಟರ ಹೆಸರು. ಹಿಂಬದಿಯಲ್ಲಿ, ಧ್ವನಿಮುದ್ರಣ ಎಂಬಲ್ಲಿ, ನನ್ನ ಹೆಸರು. ವಡೋದರಾದಿಂದ ಬಂದಿದ್ದ ಚಿತ್ರಕಲೆಯ ವಿದ್ಯಾರ್ಥಿಯೊಬ್ಬ ಅಂದು ಮುಂದಿನ ಸಾಲಿನಲ್ಲಿ ಕೂತು ಗೀಚಿದ್ದ ಚಿತ್ರವೇ ಮುಖಪುಟ. ಡ್ರಮ್ಮು, ಸ್ಯಾಕ್ಸೊಫೋನು, ಕ್ಲಾರಿನೆಟ್ಟು, ಮೂಲೆಯಲ್ಲಿ ಯಂತ್ರದ ಪಕ್ಕ ಒಬ್ಬ ಬಡಕಲು ಮನುಷ್ಯ. ಅವನ ಕೈ ಗುಂಡಿಯ ಮೇಲಿಲ್ಲ. ಕಾಫಿ ಲೋಟ ಎತ್ತಿ ತೋರಿಸುತ್ತಿದ್ದಾನೆ.

ನನ್ನ ಬಾಡಿಗೆ ಮನೆಯ ಯಜಮಾನಿ, ಪಾರ್ಸಿ ಅಜ್ಜಿ, ತನ್ನ ಪ್ಲೇಯರಿನಲ್ಲಿ ಹಾಕಿಕೊಟ್ಟಳು. ಮುಳ್ಳು ತಾಗುತ್ತಲೇ ಡ್ರಮ್ಮು ನಡುಮಧ್ಯದಿಂದ ಮೈಮೇಲೆ ಬಿತ್ತು. "ಡೀಕ್ರಾ, ಆ ಶುಂ ಛೇ?" ಇದೇನು ಮಗಾ, ಎಂದು ಅಜ್ಜಿ ಕಿವಿ ಮುಚ್ಚಿಕೊಂಡಳು. ಎರಡನೇ ಬದಿಯ ಕೊನೆಗೆ ಚಪ್ಪಾಳೆ ಕೇಳಿಸಿತು, ಆಮೇಲೆ "ಬಂತೇನಯ್ಯಾ?" ಎಂದ ದನಿ. ಅದರ ಹಿಂದೆಯೇ ನನ್ನದು: "ಎಲ್ಲಾ ಬಂತು ಮಾಸ್ಟ್ರೆ." ಗಾಬರಿಯಲ್ಲಿ ಯಂತ್ರ ನಿಲ್ಲಿಸುವುದನ್ನೇ ಮರೆತಿದ್ದೆನಲ್ಲ! ಥಟ್ಟನೆ ಮುಳ್ಳು ಎತ್ತಿಬಿಟ್ಟೆ. ನಾಚಿಕೆಯಾಯಿತು, ಸಿಟ್ಟೂ ಬಂತು. ಟೇಪು ಕೇಳಿದ ಸ್ಯಾಕ್ಸಿನವರಿಂದ ವಿಷಯ ಗೊತ್ತಾದ ಮೇಲೆ ನನ್ನ ಸುಳ್ಳನ್ನು ನೂರು ಪ್ಲೇಟಿನ ಮೇಲೆ ಅಚ್ಚು ಹಾಕಿಸಿದ್ದಾರೆ, ಮುದುಕರು ಕಡಿಮೆಯಿಲ್ಲ, ಎಂದುಕೊಂಡೆ. ಆಮೇಲೆ ಎಷ್ಟು ಸಲ ಕೇಳಿದರೂ ಚಪ್ಪಾಳೆ ಬಂದ ಕೂಡಲೇ ಮುಳ್ಳು ಎತ್ತುತ್ತಿದ್ದೆ.

ಒಮ್ಮೆ ಮಾತ್ರ ಅಹಮದಾಬಾದಿಗೆ ಹೋಗಿ ಮಾಸ್ಟರನ್ನು ನೋಡಿದೆ. ದಿಲ್ಲಿ ದರವಾಜಾದ ಕೋಣೆಯಲ್ಲಿ ಬ್ಯಾಂಡಿನವರ ಅಂಗಿಗಳಿಗೆ ಎಡಗೈಯಲ್ಲಿ ಇಸ್ತ್ರಿ ಹಾಕುತ್ತಿದ್ದರು. ಬಲಗೈ ಸುಮ್ಮನೆ ಜೋತುಬಿದ್ದಿತ್ತು. ನನ್ನನ್ನು ಕಂಡು ಅವರಿಗೆ ನಿಜವಾಗಿ ಖುಷಿಯಾಯಿತು.

"ಎಲ್ಲಾರೂ ಕೇಳ್ತಾರಯ್ಯಾ, ಹಿಂಗೆ ಮಧ್ಯದಿಂದ ಶುರು ಮಾಡೋಕೆ ಹೇಗೆ ತೋಚ್ತು ಅಂತ. ಅದಕ್ಕೆ ನಲವತ್ತು ವರ್ಷ ಬೇಕು ಅಂದೆ."

ನಾನು ನಗಲಿಲ್ಲ. ಈಗ ಹೇಳಬೇಕು ಎಂದುಕೊಂಡೆ. ಅಷ್ಟರಲ್ಲಿ ಅವರೇ, "ಸುಬ್ರಾಯ ಹೇಳ್ದ, ನಿಮ್ಮೂರಲ್ಲಿ ಆಟಕ್ಕೆ ಮುಂಚೆ ಏನೋ ಬಾರಿಸ್ತಾರಂತಲ್ಲ? ಅದನ್ನ ಯಾರೂ ಕೇಳಲ್ವಂತೆ?" ಎಂದರು.

"ಎದುರಿಗೆ ಕೂತವರು ಕೇಳುದಿಲ್ಲ ಮಾಸ್ಟ್ರೆ. ದೂರದ ಊರಿನವರು ಕೇಳ್ತಾರೆ. ಕೇಳಿ ಹೊರಟು ಬರ್ತಾರೆ."

ಅವರು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದರು. "ಹಂಗಾದ್ರೆ ಒಳ್ಳೇದೇ" ಎಂದರು. ಚಾಚಾ ಚಹಾ ತಂದರು. ಹೇಳಬೇಕಾದದ್ದನ್ನು ಬಿಟ್ಟು ಚಹಾ ಕುಡಿದೆ. ನಾನು ರೈಲು ಹಿಡಿದೆ.

ಭಟ್ಟರ ಕಾಗದ ಬಂದ ದಿನ ಕಚೇರಿಗೆ ಹೋಗಲಿಲ್ಲ. ಈಗ ನನ್ನದೇ ಪ್ಲೇಯರಿದೆ. ಪ್ಲೇಟಿನ ಎರಡನೇ ಬದಿ ಹಾಕಿ ಎದುರಿಗೆ ಕೂತೆ. ಚಪ್ಪಾಳೆ ಬಂತು. ಈ ಸಲ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. "ಬಂತೇನಯ್ಯಾ?" "ಎಲ್ಲಾ ಬಂತು ಮಾಸ್ಟ್ರೆ." ಆಮೇಲೆ ಕುರ್ಚಿ ಎಳೆದ ಸದ್ದು, ಯಾರದೋ ಕೆಮ್ಮು. ಅದರ ನಡುವೆ ಮೈಕಿಗೆ ತೀರಾ ಹತ್ತಿರದಲ್ಲಿ, ಡ್ರಮ್ಮಿನ ಅಂಚಿನ ಮೇಲೆ, ಟಕ್, ಟಕ್.

ಅಲ್ಲಿಗೆ ಪ್ಲೇಟು ಮುಗಿಯುತ್ತದೆ.

 ಅವರ ಸ್ಟೂಲು ಎಲ್ಲಿತ್ತು, ನನ್ನ ಯಂತ್ರ ಎಲ್ಲಿತ್ತು ಎಂಬುದು ಆಗ ಕಣ್ಣಿಗೆ ಕಟ್ಟಿತು. ನೇರ ಎದುರು. ಊಟದ ತಟ್ಟೆಯಷ್ಟು ಅಗಲದ ಎರಡು ಚಕ್ರಗಳು ತಿರುಗದೆ ನಿಂತಿರುವುದನ್ನು ಅವರು ಅರ್ಧ ಗಂಟೆ ನೋಡಿದ್ದರು. ತಲೆಯೆತ್ತಿ ಎರಡು ಮೂರು ಸಲ ನೋಡಿದ್ದು ಅದನ್ನೇ. ನಾನು ಅವರಿಗೆ ಕಾಫಿ ಲೋಟ ತೋರಿಸಿದ್ದೆ. ಕೈಯಲ್ಲಿ ಉಳಿದಿದ್ದ ಕಡೆಯ ಬಲ ಸುರಿದುಹೋಗುತ್ತಿದೆ, ಅದು ಎಲ್ಲೂ ಉಳಿಯುವುದಿಲ್ಲ ಎಂದು ಗೊತ್ತಿದ್ದೂ ಅವರು ಬಾರಿಸುವುದನ್ನು ನಿಲ್ಲಿಸಲಿಲ್ಲ. ಗೊತ್ತಿದ್ದೇ ಬಂತೇನಯ್ಯಾ ಎಂದರು. ನಾನು ಸುಳ್ಳು ಹೇಳಿದೆ, ಅವರು ಅದಕ್ಕೂ ಆಗಲೇ ಉತ್ತರ ಕೊಟ್ಟುಬಿಟ್ಟಿದ್ದರು. ತಂತಿ ಬಿಚ್ಚುತ್ತಿದ್ದ ನನಗೆ ಅದು ಕೇಳಿಸಲಿಲ್ಲ. ಅದು ಪ್ಲೇಟಿನ ಕೊನೆಗೆ ಇರಲಿ ಎಂದು ಅವರು ಲಂಡನ್ನಿಗೆ ಬರೆದು ಉಳಿಸಿ, ನನಗೆ ಕಳಿಸಿದ್ದರು. ನಾನು ಪ್ರತಿ ಸಲವೂ ಮುಳ್ಳು ಎತ್ತುತ್ತಿದ್ದೆ.

ಮತ್ತೆ ಮುಳ್ಳನ್ನು ಚಪ್ಪಾಳೆಯ ಹತ್ತಿರ ಇಟ್ಟೆ. "ಬಂತೇನಯ್ಯಾ?" ಎಂಬಲ್ಲಿಗೆ ಬಂದಾಗ ಪ್ಲೇಟಿನ ದನಿಗಿಂತ ಮೊದಲು ಖಾಲಿ ಕೋಣೆಯಲ್ಲಿ ನಾನೇ ಗಟ್ಟಿಯಾಗಿ ಹೇಳಿದೆ.

"ಅರ್ಧ ಬರಲಿಲ್ಲ ಮಾಸ್ಟ್ರೆ."

ಟಕ್, ಟಕ್.